ಕೈ ಅಡ್ಡ ಹಾಕಿದರೂ ನಿಲ್ಲಿಸದ ಷಡಕ್ಷರಿ

ಬೆಳಗಿನ ಐದೂಮುಕ್ಕಾಲು. ಹನೂರಿನ ರಸ್ತೆ ಕೊಳ್ಳೇಗಾಲ ಸೇರುವ ಕಡೆ, ತಗಡಿನ ಷೆಡ್ಡೊಂದರ ಮುಂದೆ ಜೀಪು ಗುರುಗುಡುತ್ತಿದೆ. ಸ್ಟಿಯರಿಂಗ್ ಹಿಡಿದು ಕೂತಿರುವ ಮೆಕ್ಯಾನಿಕ್ ಷಡಕ್ಷರಿ, ಮೀಟರಿನ ಗಾಜಿಗೆ ಅಂಟಿಸಿದ್ದ ಮಾದಪ್ಪನ ಪುಟ್ಟ ಸ್ಟಿಕ್ಕರನ್ನು ಉಗುರಿನಿಂದ ನಿಧಾನಕ್ಕೆ ಬಿಡಿಸುತ್ತಾರೆ. ಕಣ್ಣಿಗೊತ್ತಿಕೊಂಡು ಮುಂದಿನ ದೊಡ್ಡ ಗಾಜಿಗೆ ಅಂಟಿಸುತ್ತಾರೆ. ಸ್ಟಿಕ್ಕರ್ ಇದ್ದ ಜಾಗದಲ್ಲಿ ಈಗ ಒಂದು ಹಳದಿ ದೀಪ ಉರಿಯುತ್ತಿರುವುದು ಕಾಣುತ್ತದೆ.

"ಲೇ ಬೊಮ್ಮ, ದೀಪದ ಮ್ಯಾಲೆ ಮಾದಪ್ಪನ್ನ ಕೂರಿಸ್ಬುಟ್ರೆ ಮಸಿ ಓಯ್ತದಾ?" ಎಂದು ಹಿಂದಿನ ಸೀಟಿನತ್ತ ತಿರುಗಿ ಕೇಳುತ್ತಾರೆ.

ಜೀಪಿನ ಯಜಮಾನ ಚಿಕ್ಕಬೊಮ್ಮ ನಾಚಿಕೊಂಡು ನಗುತ್ತಾನೆ. "ಆ ದೀಪ ಕಂಡ್ರೆ ಎದೆ ಅದುರ್ತದೆ ಕಣಣ್ಣ. ಕಾಣ್ದೆ ಇದ್ರೆ ಒಸಿ ಧೈರ್ಯ."

ಚಿಕ್ಕಬೊಮ್ಮ ಹನೂರಿನಾಚೆ ಕಾಡಿನೊಳಗಿನ ಸೋಲಿಗರ ಪೋಡಿನವನು, ಅಂದರೆ ಅವರ ಪುಟ್ಟ ಹಾಡಿಯವನು. ಆ ಪೋಡಿಗೆ ಬಸ್ಸು, ಆಟೊ, ಆಂಬುಲೆನ್ಸು ಎಲ್ಲವೂ ಈ ಒಂದು ಜೀಪೇ. ಅವನ ಹೆಂಡತಿ ಪುಷ್ಪಳಿಗೆ ದಿನ ತುಂಬಿದೆ. ಇವತ್ತು ಮಧ್ಯಾಹ್ನದೊಳಗೆ ಅವಳನ್ನು ಕೊಳ್ಳೇಗಾಲದ ಆಸ್ಪತ್ರೆಗೆ ಸೇರಿಸಬೇಕು. ಅಷ್ಟರೊಳಗೆ ಈ ದೀಪ ಆರಬೇಕು.

ದೀಪದ ಕಥೆ ಇಷ್ಟೇ. ಈಚಿನ ಡೀಸೆಲ್ ಗಾಡಿಗಳಲ್ಲಿ ಹೊಗೆ ಹೋಗುವ ದಾರಿಗೆ ಒಂದು ಫಿಲ್ಟರ್ ಕೂರಿಸಿರುತ್ತಾರೆ. ಅದು ಮಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಗಾಡಿ ದೊಡ್ಡ ರಸ್ತೆಯಲ್ಲಿ ಒಂದೇ ಓಟದಲ್ಲಿ ಓಡಿದರೆ ಸೈಲೆನ್ಸರ್ ಚೆನ್ನಾಗಿ ಕಾದು ಆ ಮಸಿ ಸುಟ್ಟುಹೋಗುತ್ತದೆ. ಕಾಡಿನ ದಾರಿಯಲ್ಲಿ ಹತ್ತು, ಹದಿನೈದರ ವೇಗದಲ್ಲಿ ತೆವಳುವ ಗಾಡಿಗೆ ಆ ಭಾಗ್ಯ ಎಲ್ಲಿಯದು? ಮಸಿ ತುಂಬುತ್ತದೆ, ದೀಪ ಹತ್ತುತ್ತದೆ. ಆಗಲೂ ಕೇಳದಿದ್ದರೆ ಎಂಜಿನ್ ತಾನೇ ಶಕ್ತಿ ಕಡಿಮೆ ಮಾಡಿಕೊಂಡು ಕುಂಟತೊಡಗುತ್ತದೆ.

"ಹಂಚಿನ ತಳ ನೋಡಿದ್ದೀರಾ ಸಾ? ಒಲೆ ಜೋರಾಗಿ ಉರುದ್ರೆ ಮಸಿ ಕೆಂಪಗಾಗಿ ಸುಟ್ಟೋಯ್ತದೆ. ಮಧ್ಯದಲ್ಲಿ ಸೌದೆ ಎಳುದ್ರೆ? ಮಸಿ ಅಂಗೇ ಉಳ್ಕತದೆ. ಇದೂ ಅಷ್ಟೇಯ," ಎನ್ನುತ್ತಾರೆ ಷಡಕ್ಷರಿ. ವರದಿಗೆಂದು ಪಕ್ಕದ ಸೀಟಿನಲ್ಲಿ ಕೂತ ನನಗೆ ಇಂಥ ವಿವರಣೆ ಸ್ವಂತ ಕಾರಿನ ಪುಸ್ತಕದಲ್ಲಿ ಸಿಕ್ಕಿರಲಿಲ್ಲ.

ಐವತ್ತೊಂದರ ಷಡಕ್ಷರಿ ಮುಳ್ಳೂರಿನವರು. ಎಸ್ಸೆಸ್ಸೆಲ್ಸಿಗೆ ಓದು ಮುಗಿಯಿತು. ಮೈಸೂರಿನ ಲಾರಿ ಷೆಡ್ಡುಗಳಲ್ಲಿ ಹದಿನಾಲ್ಕು ವರ್ಷ ಗ್ರೀಸು ಮೆತ್ತಿಕೊಂಡ ಮೇಲೆ ಇಲ್ಲಿ ಸ್ವಂತ ಷೆಡ್ಡು ಹಾಕಿದರು. ವಾರಕ್ಕೆ ಐದಾರು ಗಾಡಿ ಈ ಹಳದಿ ದೀಪ ಹೊತ್ತುಕೊಂಡು ಬರುತ್ತವೆ. ಹಾಲಿನ ಗಾಡಿ, ತರಕಾರಿ ಗಾಡಿ, ಶಾಗ್ಯದ ಕಡೆಯ ಸ್ಕೂಲ್ ವ್ಯಾನು. ಮೊದಲು ಎಂಜಿನ್ ಆಯಿಲ್ ನೋಡುತ್ತಾರೆ, ಹಳೆಯ ಸ್ಕ್ಯಾನರ್ ಸಿಕ್ಕಿಸಿ ಮಸಿ ಎಷ್ಟಿದೆಯೆಂದು ನೋಡುತ್ತಾರೆ. ಮಿತಿ ಮೀರಿದ್ದರೆ ಮುಟ್ಟದೆ ದೊಡ್ಡ ವರ್ಕ್‌ಶಾಪಿಗೆ ಕಳಿಸುತ್ತಾರೆ. ಫಿಲ್ಟರನ್ನೇ ಕಿತ್ತು ಬಿಸಾಡಿ ಎನ್ನುವವರಿಗೆ ಮಾತ್ರ ಸಿಟ್ಟಿನ ಉತ್ತರ ಸಿಗುತ್ತದೆ. "ಆ ಮಸೀನ ನಿಮ್ ಮಕ್ಳ ಮೂಗಿಗೆ ಬುಡಬೇಕಾ?"

ಉಳಿದ ಗಾಡಿಗಳನ್ನು ಬೆಳಗಿನ ಜಾವ ತಾವೇ ಓಡಿಸುತ್ತಾರೆ. ಕೊಳ್ಳೇಗಾಲದಿಂದ ಯಳಂದೂರು ದಾಟಿ ಸಂತೇಮರಹಳ್ಳಿವರೆಗೆ, ಅರವತ್ತರ ಆಸುಪಾಸಿನ ಒಂದೇ ಓಟ. ಹೊತ್ತೇರಿದರೆ ಟ್ರ್ಯಾಕ್ಟರು, ದನ. ಸುಗ್ಗಿಯಲ್ಲಾದರೆ ಒಕ್ಕಣೆಗೆಂದು ರಸ್ತೆ ತುಂಬ ಹರಡಿದ ಹುರುಳಿ. ಕಾದ ಸೈಲೆನ್ಸರಿಗೆ ಹುರುಳಿಯ ಒಣಸೊಪ್ಪು ಸಿಕ್ಕಿಕೊಂಡರೆ ಬೆಂಕಿ ಹತ್ತಲೂಬಹುದು. ಅದಕ್ಕೇ ಈ ಹೊತ್ತು.

ಹೊರಡುವ ಮುನ್ನ ಗಾಜಿಗೆ ಒಂದು ರಟ್ಟು ಸಿಕ್ಕಿಸುತ್ತಾರೆ. ಅದರಲ್ಲಿ ಅವರದೇ ದಪ್ಪಕ್ಷರ: "ದಾರಿಯಲ್ಲಿ ನಿಲ್ಲಿಸುವುದಿಲ್ಲ. ಬೇಜಾರು ಮಾಡ್ಕೋಬೇಡಿ."

ಬೇಜಾರು ಆಗದೆ ಇರುತ್ತದೆಯೇ? ಈ ಸೀಮೆಯಲ್ಲಿ ಕೈ ಅಡ್ಡ ಹಾಕಿದವರಿಗೆ ಗಾಡಿ ನಿಲ್ಲಿಸುವುದು ನೀರು ಕೇಳಿದವರಿಗೆ ನೀರು ಕೊಟ್ಟ ಹಾಗೆ. ನಿಲ್ಲಿಸದವನಿಗೆ ಸೊಕ್ಕು ಬಂದಿದೆ ಎಂದೇ ಲೆಕ್ಕ. ನಾವು ಕೊಳ್ಳೇಗಾಲ ದಾಟಿ ಹತ್ತು ನಿಮಿಷ ಆಗುವಷ್ಟರಲ್ಲಿ ನಾಲ್ಕು ಕೈ ಮೇಲೆದ್ದು, ನಾಲ್ಕೂ ಕಡೆ ಬೈಗುಳ ಬಿದ್ದವು. ಒಬ್ಬ ಯಜಮಾನರ ಬೈಗುಳವನ್ನು ಈ ಪತ್ರಿಕೆ ಅಚ್ಚು ಹಾಕುವುದಿಲ್ಲ.

ಷಡಕ್ಷರಿಯೂ ಮೊದಲು ನಿಲ್ಲಿಸುತ್ತಿದ್ದರು. ಮೂರು ವರ್ಷದ ಹಿಂದೆ ಇದೇ ಜೀಪು, ಇದೇ ದೀಪ. ಒಂದು ಓಟದಲ್ಲಿ ಮೂರು ಸಲ ನಿಲ್ಲಿಸಿದರು. ಹೂವಿನ ಬುಟ್ಟಿಯವಳಿಗೆ, ಒಬ್ಬ ಮೇಷ್ಟ್ರಿಗೆ, ಮಂಡಿ ನೋವಿನ ಮುದುಕನಿಗೆ. ವಾಪಸ್ ಬಂದಾಗಲೂ ದೀಪ ಆರಿರಲಿಲ್ಲ.

"ಇನ್ನೊಂದ್ ವಾರ ಓಡ್ತದೆ ತಕ್ಕಂಡೋಗು ಅಂದ್ಬುಟ್ಟೆ ಸಾ. ನನ್ ಬಾಯಲ್ಲೇ ಅಂದೆ," ಎನ್ನುತ್ತಾರೆ ರಸ್ತೆಯಿಂದ ಕಣ್ಣು ತೆಗೆಯದೆ.

ಆಗಲೂ ಬಸುರಿಯಾಗಿದ್ದ ಪುಷ್ಪಳಿಗೆ ಎರಡು ದಿನಕ್ಕೆ ನೋವು ಶುರುವಾಯಿತು. ಕಾಡಿನ ಏರಿನಲ್ಲಿ ಜೀಪು ಕುಂಟಿ, ಕೊನೆಗೆ ನಿಂತೇ ಹೋಯಿತು. ಚಿಕ್ಕಬೊಮ್ಮನ ತಾಯಿ ಕೇತಮ್ಮ ಹಿಂದಿನ ಸೀಟಿನಲ್ಲೇ ಹೆರಿಗೆ ಮಾಡಿಸಿದರು. ತಾಯಿ ಉಳಿದಳು, ಮಗು ಉಳಿಯಲಿಲ್ಲ. ಬೇಗ ಬಂದಿದ್ದರೆ ಉಳಿಯುತ್ತಿತ್ತೋ ಇಲ್ಲವೋ, ಡಾಕ್ಟರಿಗೂ ಹೇಳಲಾಗಲಿಲ್ಲ.

ಷಡಕ್ಷರಿ ಪೋಡಿಗೆ ಹೋಗಿ ಕೇತಮ್ಮನ ಮುಂದೆ ಎಲ್ಲವನ್ನೂ ಒಪ್ಪಿಕೊಂಡರು. "ಆ ಅವ್ವ ಬಯ್ಯಲೇ ಇಲ್ಲ. ಕೈ ಎತ್ತುದ್ರೆ ಯಾರಾರೂ ನಿಲ್ಸ್ತಾರೆ ಕಣಪ್ಪ, ನೀ ಬ್ಯಾರೆ ಏನ್ ಮಾಡಕಾಯ್ತಿತ್ತು ಅಂದ್ಬುಡ್ತು. ಉಣ್ಣಕ್ಕೂ ಇಕ್ತು. ಬೈದಿದ್ರೆ ವಾಸಿಯಾಗಿತ್ತು ಸಾ."

ಹಿಂದಿನ ಸೀಟಿನಲ್ಲಿ ಚಿಕ್ಕಬೊಮ್ಮ ಕಿಟಕಿಯಾಚೆ ನೋಡುತ್ತಿದ್ದಾನೆ. ಬೇರೆ ಮೆಕ್ಯಾನಿಕ್ ಹತ್ತಿರ ಹೋಗಬಹುದಿತ್ತಲ್ಲ ಎಂದು ನಾನು ಕೇಳುತ್ತೇನೆ. "ಅವತ್ತಿಂದ ಅಣ್ಣ ಯಾರ್ಗೂ ನಿಲ್ಸಿಲ್ಲ ಸಾ," ಎನ್ನುತ್ತಾನೆ. ಅವನಿಗೆ ಅಷ್ಟು ಸಾಕು.

ಮಾಂಬಳ್ಳಿಯ ಬಸ್ ಸ್ಟಾಪಿನಲ್ಲಿ ಹೂವಿನ ಚೀಲ ಹಿಡಿದ ಹೆಂಗಸೊಬ್ಬರು ನಿಂತಿದ್ದಾರೆ. ಅವರು ಷಡಕ್ಷರಿಯ ಸ್ವಂತ ಅಕ್ಕ ಸುವರ್ಣಮ್ಮ. ಹೋದ ವರ್ಷ ಮಳೆಯಲ್ಲಿ ನೆನೆಯುತ್ತ ಕೈ ಎತ್ತಿದ ಅಕ್ಕನನ್ನು ದಾಟಿಕೊಂಡು ತಮ್ಮ ಹೋಗಿಬಿಟ್ಟರು. ಆ ಸಲ ಗೌರಿ ಹಬ್ಬಕ್ಕೆ ತವರಿನಿಂದ ಕಳಿಸಿದ ಬಾಗಿನ ಹಾಗೇ ವಾಪಸ್ ಬಂತು. ಇವತ್ತು ಅಕ್ಕ ಕೈ ಎತ್ತಲಿಲ್ಲ, ಜೀಪು ಕಂಡು ಮುಖ ತಿರುಗಿಸಿಕೊಂಡರು. ಷಡಕ್ಷರಿ ಒಂದು ಸಲ ಮೆಲ್ಲಗೆ ಹಾರನ್ ಮಾಡಿ ಮುಂದಕ್ಕೆ ಹೋದರು.

ಯಳಂದೂರಿನ ಸುವರ್ಣಾವತಿ ಸೇತುವೆ ದಾಟಿ ಎಷ್ಟೋ ದೂರ ಬಂದರೂ ದೀಪ ಹಾಗೇ ಇದೆ. ಸಂತೇಮರಹಳ್ಳಿ ಇನ್ನೇನು ಬಂತು ಎನ್ನುವಾಗ, ಯಾವ ಸದ್ದೂ ಇಲ್ಲದೆ ಹಳದಿ ದೀಪ ಆರಿತು. ಚಿಕ್ಕಬೊಮ್ಮ ಗಾಜಿನ ಮೇಲಿನ ಮಾದಪ್ಪನಿಗೆ ಕೈ ಮುಗಿದ. ಷಡಕ್ಷರಿ ಆಗಲೂ ನಿಲ್ಲಿಸಲಿಲ್ಲ. ಮತ್ತೂ ಐದು ನಿಮಿಷ ಓಡಿಸಿ, ಹುಲ್ಲಿಲ್ಲದ ಬರಿನೆಲ ನೋಡಿ ಗಾಡಿ ಹಾಕಿದರು. ಆಮೇಲಷ್ಟೇ ಟೀ.

ನಿಮ್ಮ ಆಸೆ ಏನು ಎಂದು ಕೇಳಿದ್ದು ಆ ಟೀ ಅಂಗಡಿಯಲ್ಲೇ. ಷಡಕ್ಷರಿ ಲೋಟ ಕೆಳಗಿಟ್ಟರು. "ಒಂದ್ ಅಳೇ ಗಾಡಿ ತಕ್ಕಬೇಕು ಸಾ. ಈ ಫಿಲ್ಟರು, ದೀಪ ಏನೂ ಇರದ ಪೆಟ್ರೋಲ್ ಗಾಡಿ. ಇದೇ ದಾರೀಲಿ ಒಂದಿನ ಕೈ ಅಡ್ಡ ಹಾಕ್ದೋರ್ಗೆಲ್ಲ ನಿಲ್ಸ್ಕಂಡ್ ಓಗಬೇಕು. ಮೊದ್ಲು ಮಾಂಬಳ್ಳೀಲಿ. ಅಕ್ಕ ಗಾಡಿ ಅತ್ತದೆ ಓದ್ರೂ ಸರಿ, ನಿಲ್ಸಬೇಕು."

ಷೆಡ್ಡಿಗೆ ಮರಳಿದ ಕೂಡಲೇ ಚಿಕ್ಕಬೊಮ್ಮ ಜೀಪು ತೆಗೆದುಕೊಂಡು ಹನೂರಿನ ಕಡೆ ಹೊರಟ. ಷಡಕ್ಷರಿ ಒಂದು ಟೆಂಪೊದ ಕೆಳಗೆ ಮಲಗಿ ಕೆಲಸಕ್ಕೆ ತೊಡಗಿದರು. ಹನ್ನೆರಡು ದಾಟಿದ ಮೇಲೆ ಪ್ರತಿ ಜೀಪಿನ ಸದ್ದಿಗೂ ತಲೆ ಹೊರಕ್ಕೆ ಬರುತ್ತಿತ್ತು.

ಒಂದೂಕಾಲಿಗೆ ಆ ಜೀಪು ಬಂತು. ಮಧುವನಹಳ್ಳಿ ಕಡೆಯಿಂದ ಒಂದೇ ವೇಗದಲ್ಲಿ ಬರುತ್ತಿದೆ. ಹಿಂದಿನ ಕಿಟಕಿಯಲ್ಲಿ ಕೇತಮ್ಮನ ಬಿಳಿಗೂದಲು, ಅವರ ಹೆಗಲಿಗೆ ಒರಗಿದ ಪುಷ್ಪ. ಷಡಕ್ಷರಿ ಸ್ಪ್ಯಾನರ್ ಹಿಡಿದೇ ರಸ್ತೆಯಂಚಿಗೆ ಓಡಿದರು. ಖುಷಿಗೆ ಕೈ ತಾನಾಗಿ ಮೇಲೆದ್ದಿತು. ಮರುಗಳಿಗೆಯಲ್ಲೇ ಗಾಬರಿಬಿದ್ದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಕೂಗಿದರು: "ಓಗು ಬೊಮ್ಮ, ನಿಲ್ಸಬ್ಯಾಡ, ಓಗು!"

ಜೀಪು ಹಾರನ್ ಕೂಡ ಮಾಡದೆ ಅವರನ್ನು ದಾಟಿ, ಆಸ್ಪತ್ರೆಯ ದಾರಿಗೆ ತಿರುಗಿತು. ಷಡಕ್ಷರಿ ಧೂಳಿನಲ್ಲಿ ನಿಂತು ಕಣ್ಣೊರೆಸಿಕೊಂಡರು. ಮುಖದ ತುಂಬ ಮಸಿ, ಮಸಿಯ ತುಂಬ ನಗು.

"ನನ್ ಕೈಗೂ ನಿಲ್ಸಲಿಲ್ಲ, ನೋಡುದ್ರಾ ಸಾ?"