ಬಾಣಂತಿ ಕೋಣೆಯ ಗಾಳಿ

ಸೆಕೆಗೆ ಮಗು ಅತ್ತೂ ಅತ್ತೂ ಕೆಂಪೇರಿತ್ತು. ಮನೆಗೆಲ್ಲ ಒಂದೇ ಎ.ಸಿ.; ಡಕ್ಟ್ ಕೊಳವೆಯಲ್ಲಿ ಹರಿಯುವ ತಂಪು ನನ್ನ ಬಾಣಂತಿ ಕೋಣೆಗೆ ಮಾತ್ರ ಬರುತ್ತಿರಲಿಲ್ಲ. ಬೋವಿಕಾನದಿಂದ ಬಂದ ರಿಪೇರಿಯವರು ಪರಗಂಡಸು, ಒಳಗೆ ಕಾಲಿಡುವಂತಿಲ್ಲ. ಮುಚ್ಚಿದ ಬಾಗಿಲಿನ ಬೀಗದ ಕಿಂಡಿಯ ಬೆಳಕು ಅವರ ಅಂಗೈಗೆ ಮರೆಯಾಯಿತು. ಹೊರಗಿನಿಂದಲೇ ನನ್ನ ತಾಯಿಯನ್ನು ಕರೆದರು.

"ಉಮ್ಮಾ, ಕಿಂಡಿಯಿಂದ ಗಾಳಿ ನುಗ್ಗಿ ಬರ್ತಾ ಉಂಟು. ಒಳಗಿನ ಗಾಳಿಗೆ ವಾಪಸ್ ಬರ್ಲಿಕ್ಕೆ ಬೇರೆ ದಾರಿಯೇ ಇಲ್ಲ. ಬಾಗಿಲಿನ ಅಡಿಗೆ ಎಂತ ಇಟ್ಟಿದ್ದೀರಿ?"

ಸೊಳ್ಳೆ ಬಾರದಂತೆ ನನ್ನ ಉಮ್ಮ ತುರುಕಿದ್ದ ಹಳೆಯ ಬೆಡ್‌ಶೀಟು! ಅದನ್ನು ಎಳೆದದ್ದೇ ತಡ, ಮೇಲಿನ ಜಾಲರಿಯಿಂದ ತಂಪು ಸುರಿಯಿತು. ಮಗುವಿನ ನೆತ್ತಿಯ ಕೂದಲು ಅಲುಗಿತು, ಅಳು ನಿಂತಿತು. ನಾನೂ ಉಮ್ಮನೂ ಬಾಗಿಲನ್ನೇ ನೋಡುತ್ತ ಕೂತೆವು.

ಕೋಣೆಯನ್ನೇ ನೋಡದೆ ಅದರ ಉಸಿರು ಕಟ್ಟಿದ್ದನ್ನು ಅರಿತವರ ಮುಖ ನಾನು ನೋಡಲೇ ಇಲ್ಲ. ಪೇಟೆಯಲ್ಲಿ ಎದುರಾದರೂ ಗುರುತು ಸಿಗದು. ಆ ದನಿ ಕೇಳಿದರೆ ಮಾತ್ರ ನಿಂತುಬಿಡುತ್ತೇನೆ.