ಅಣ್ಣ ಆರಿಸಿದ ಭಾರದ ರೀಲು

ಹಿಡಿಯ ಕೆಳಗೆ ಒಂದೇ ಬೆರಳು ಕೊಟ್ಟು ಅಣ್ಣ ತನ್ನ ಫ್ಲೈ ರಾಡನ್ನು ಅಡ್ಡಲಾಗಿ ಎತ್ತಿದ. ಕೃತಕ ನೊಣ ಕಟ್ಟಿ ಮೀನು ಹಿಡಿಯುವ ಹಗುರ ಕೋಲು ಅದು. ಹುಬ್ಬಳ್ಳಿಯ ಗಾಳದ ಸಾಮಾನಿನ ಅಂಗಡಿಯಲ್ಲಿ ಎಲ್ಲಕ್ಕಿಂತ ಹಗುರವಾದ, ದುಬಾರಿ ರೀಲನ್ನೇ, ಅಂದರೆ ದಾರ ಸುತ್ತುವ ಗಾಲಿಯನ್ನೇ, ನಾನು ಅದರ ಹಿಡಿಯ ಬುಡಕ್ಕೆ ಹಾಕಿಸಿದ್ದೆ. ಆದರೂ ಕೋಲಿನ ತುದಿ ಕೆಳಗೆ ವಾಲಿತು. ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿದ್ದ ಕೈ ಅದು. ಹಿಡಿಯಲು ಧಾವಿಸಿದೆ.

"ಬಿಡವಾ, ನಾ ಹಿಡೀತೇನಿ" ಎಂದ.

ಆಮೇಲೆ ಕೆಳಸಾಲಿನಲ್ಲಿದ್ದ ಅಗ್ಗದ, ತುಸು ಭಾರದ ರೀಲು ತೆಗೆಸಿ ಹಾಕಿಸಿಕೊಂಡ. ಕೋಲು ಬೆರಳ ಮೇಲೆ ಅಲುಗದೆ ನಿಂತಿತು.

"ಇದು ನಿನಗ ಭಾರ ಆಗ್ತೈತಿ ಅಣ್ಣಾ" ಅಂದೆ.

"ರೀಲು ಹಗೂರಾದ್ರ ತುದಿ ಜಗ್ಗತೈತಿ, ಮುಂಗೈ ಸೋಲತೈತಿ. ದವಾಖಾನಿಯಿಂದ ಬಂದಾಗಿಂದ ನೀರಿನ ತಂಬಿಗಿನೂ ನನ್ನ ಕೈಯಾಗ ಕೊಡವಲ್ರಿ ನೀವು. ನನ್ನ ಕೈಯಾಗೂ ಒಂದೀಟು ಭಾರ ಇರ್ಲಿ."

ಅಂಗಡಿಯವರು ಆ ರೀಲನ್ನೇ ಚೀಲಕ್ಕೆ ಹಾಕಿ, ನನ್ನ ಕಡೆ ಚಾಚಿದ್ದನ್ನು ಅಣ್ಣನ ಕೈಗೆ ಕೊಟ್ಟರು.

ಧಾರವಾಡದ ಬಸ್ಸು ಹಿಡಿಯಲು ನಡೆದು ಹೋಗುವಾಗ ಅವನು ದಣಿವಾರಿಸಿಕೊಳ್ಳಲು ನಿಂತಾಗೆಲ್ಲ ನಾನೂ ನಿಂತೆ. ಚೀಲಕ್ಕೆ ಮಾತ್ರ ಕೈ ಚಾಚಲಿಲ್ಲ.