ಪ್ರಶ್ನೆ ಉದ್ಭವಿಸುವುದಿಲ್ಲ

ಮಧುಗಿರಿಯ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿಕೊಂಡಿದ್ದ ನಾನು ನಿವೃತ್ತಿಯ ನಂತರ ವಿಧಾನ ಪರಿಷತ್ತಿನ ಸದಸ್ಯೆಯಾದೆ. ಗ್ರಾಮ ಪಂಚಾಯಿತಿ ಸದಸ್ಯರು ಮತ ಹಾಕಿ ಆರಿಸುವ ಸ್ಥಾನ ಅದು. ಹೀಗಾಗಿ ಊರೂರಿಗೆ ಹೋದಾಗ ಜನರಿಗೆ ನನ್ನನ್ನು ಏನೆಂದು ತಿಳಿಯಬೇಕೋ ಗೊತ್ತಾಗುತ್ತಿರಲಿಲ್ಲ. ಹುಲಿಕುಂಟೆ ಕಡೆಯ ಒಂದು ಹಳ್ಳಿಯಲ್ಲಿ ಕುರಿ ಸಾಕುವ ಹೆಂಗಸೊಬ್ಬರು ಅದನ್ನು ನೇರವಾಗಿ ಕೇಳಿಯೇಬಿಟ್ಟರು.

"ನಾವು ನಿಂಗೆ ಓಟೇ ಹಾಕಿಲ್ವಲ್ಲ ಟೀಚ್ರಮ್ಮ. ನಮ್ ಕಷ್ಟ ನಿಂಗ್ ಹೇಳ್ಬೌದಾ?"

"ಹೇಳಿ ಅಕ್ಕ. ಅದಕ್ಕೇ ಬಂದಿರೋದು" ಅಂದೆ.

ಅವರಿಗೆ ಅರವತ್ತರ ಆಸುಪಾಸು. ಮಾತಾಡುವಾಗ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಅಭ್ಯಾಸ. ಅವರ ಊರಿನಲ್ಲಿ ದನದ ಆಸ್ಪತ್ರೆ ಇತ್ತು, ಬೋರ್ಡು ಇತ್ತು, ಬಾಗಿಲು ತೆಗೆಯುವ ಜವಾನನೂ ಇದ್ದ. ಡಾಕ್ಟರು ಮಾತ್ರ ಬರುತ್ತಿರಲಿಲ್ಲ. ಆ ಮಳೆಗಾಲದಲ್ಲಿ ಕುರಿಗಳ ಬಾಯಿ ಊದಿ ನಾಲಿಗೆ ನೀಲಿಗಟ್ಟುವ ರೋಗ ಬಂದು, ಎಲ್ಲರೂ ಕುರಿಗಳನ್ನು ಗೂಡ್ಸ್ ಆಟೋಗೆ ತುಂಬಿಕೊಂಡು ಶಿರಾಕ್ಕೆ ಓಡಿದ್ದರು. "ಓಗೋ ದಾರೀಲೇ ಒಂದಷ್ಟು ಸತ್ತೋದ್ವು ಕಣಮ್ಮ. ಇನ್ನೇನು ಯೋಳಾನ" ಎಂದರು.

ಅಧಿವೇಶನಕ್ಕೆ ನಾನು ಕಳಿಸಿದ ಮೊದಲ ಪ್ರಶ್ನೆಯೇ ಅದು. ಸದಸ್ಯರು ಕಳಿಸುವ ಎಲ್ಲ ಪ್ರಶ್ನೆಗಳಿಗೂ ಸದನದಲ್ಲಿ ಬಾಯಿಮಾತಿನ ಉತ್ತರ ಸಿಗುವುದಿಲ್ಲ, ಚೀಟಿ ಎತ್ತುತ್ತಾರೆ. ಅದೃಷ್ಟಕ್ಕೆ ನನ್ನದು ಬಂತು. ಹಿಂದಿನ ದಿನ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದೆ. ಯಜಮಾನರು ಪೇಪರು ಓದುತ್ತಾ, "ಮಂತ್ರಿಗಳಿಗೆ ಬೆಂಚಿನ ಮೇಲೆ ನಿಲ್ಲು ಅಂತ ಮಾತ್ರ ಹೇಳಿಬಿಡಬೇಡ" ಅಂದರು.

ನಾನು ಬರೆದ ಪ್ರಶ್ನೆ ಸರಳವಾಗಿತ್ತು: ಸದರಿ ಪಶು ಆಸ್ಪತ್ರೆಗೆ ವೈದ್ಯರನ್ನು ನೇಮಿಸಲಾಗಿದೆಯೇ? ಇಲ್ಲದಿದ್ದರೆ ಯಾವಾಗ ನೇಮಿಸಲಾಗುವುದು? ಸಭಾಪತಿಗಳು ಕರೆದರು, ನಾನು ಎದ್ದು ನಿಂತೆ. ಮಂತ್ರಿಗಳು ಎದ್ದು, "ಮೊದಲನೆಯದಕ್ಕೆ, ನೇಮಿಸಲಾಗಿದೆ. ಎರಡನೆಯದಕ್ಕೆ, ಪ್ರಶ್ನೆ ಉದ್ಭವಿಸುವುದಿಲ್ಲ" ಎಂದು ಓದಿ ಕುಳಿತರು.

ಸಭಾಪತಿಗಳು ನನ್ನತ್ತ ನೋಡಿದರು. ಉಪಪ್ರಶ್ನೆ ಕೇಳಬೇಕಾದ ಹೊತ್ತು ಅದು. ಕನ್ನಡಿಯ ಮುಂದೆ ನಾನು ಅದನ್ನು ಅಭ್ಯಾಸ ಮಾಡಿರಲಿಲ್ಲ. "ಧನ್ಯವಾದಗಳು" ಎಂದು ಹೇಳಿ ಕುಳಿತುಬಿಟ್ಟೆ. ಅಕ್ಕಪಕ್ಕದವರು ನಕ್ಕರು. ಮಂತ್ರಿಗಳೂ ನಕ್ಕರು. ನಾವಿಬ್ಬರೂ ಒಂದೇ ಪಕ್ಷದವರಾದ್ದರಿಂದ ಇದು ಮೊದಲೇ ಮಾಡಿಕೊಂಡ ಮಾತು ಎಂದು ಕೆಲವರು ತಿಳಿದರಂತೆ.

ಮಧ್ಯಾಹ್ನ ಹುಲಿಕುಂಟೆ ಕಡೆಯಿಂದ ಫೋನು ಬಂತು. ಮೊಮ್ಮಗಳ ಮೊಬೈಲಿನಲ್ಲಿ ಅಕ್ಕ ಎಲ್ಲವನ್ನೂ ನೋಡಿದ್ದರು.

"ಅಲ್ಲ ಟೀಚ್ರಮ್ಮ, ಆವಯ್ಯ ಸುಳ್ಳೇಳಿದ್ಕೆ ನೀನ್ಯಾಕೆ ಥ್ಯಾಂಕ್ಸ್ ಅಂದೆ?"



ಆ ವಾರದ ಕೊನೆಯಲ್ಲಿ ಊರಿಗೆ ಮರಳುವಾಗ ಕೊರಟಗೆರೆಯ ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಕಾಫಿಗೆ ನಿಲ್ಲಿಸಿದೆ. ಪಾವಗಡ ಕಡೆಯ ಹಿರಿಯ ಸದಸ್ಯರೊಬ್ಬರು ಅಲ್ಲಿ ದೋಸೆ ತಿನ್ನುತ್ತಾ ಕುಳಿತಿದ್ದರು. ವಿರೋಧ ಪಕ್ಷದವರು, ಸದನದಲ್ಲಿ ಅವರು ಎದ್ದರೆ ಮಂತ್ರಿಗಳು ನೀರು ಕುಡಿಯುತ್ತಿದ್ದರು. ನನ್ನನ್ನು ಎದುರಿಗೆ ಕೂರಿಸಿಕೊಂಡರು.

"ಏಮ್ಮಾ, ಮಂತ್ರಿಗೆ ಧನ್ಯವಾದ ಅಂದ್ಬುಟ್ಯಲ್ಲ" ಎಂದು ನಕ್ಕು, ದೋಸೆಯ ತುದಿ ಮುರಿಯುತ್ತಾ ತಮ್ಮ ತೆಲುಗು ಬೆರೆತ ಕನ್ನಡದಲ್ಲಿ ಹೇಳಿದರು: "ಚೂಡಮ್ಮಾ, ಪ್ರಶ್ನೆ ಅಂದ್ರೆ ಕುರಿರೊಪ್ಪ ಇದ್ದಂಗೆ. ಮುಳ್ಳುಬೇಲೀಲಿ ಒಂದು ಸಂದಿ ಬಿಟ್ಟೆ ಅನ್ನು, ಉತ್ತರ ಅಲ್ಲೇ ನುಣುಚ್ಕಂಡು ಹೋಗ್ತದೆ. ಡಾಕ್ಟ್ರು ಇದ್ದಾರಾ ಅಂತ ಕೇಳ್ಬೇಡ. ಎಲ್ಲಿದ್ದಾರೆ ಅಂತ ಕೇಳು."

"ನಾನು ಆಡಳಿತ ಪಕ್ಷದವಳು ಸಾರ್. ನನಗೆ ಯಾಕೆ ಹೇಳಿಕೊಡ್ತಿದ್ದೀರಿ?"

"ನಮ್ಮೋರು ಕೇಳಿದ್ರೆ ಗಲಾಟೆ ಅಂತಾರೆ. ನೀನು ಕೇಳಿದ್ರೆ ಉತ್ತರ ಕೊಡ್ಲೇಬೇಕು. ಕುರಿಗೆ ಯಾವ ಪಕ್ಷಮ್ಮಾ?" ಎಂದು ನನ್ನ ಕಾಫಿಯ ಬಿಲ್ಲನ್ನೂ ಅವರೇ ಕೊಟ್ಟರು.

ಮುಂದಿನ ಅಧಿವೇಶನಕ್ಕೆ ಹೊಸದಾಗಿ ಪ್ರಶ್ನೆ ಬರೆದೆ. ಸದರಿ ವೈದ್ಯರು ಈಗ ಯಾವ ಊರಿನ ಯಾವ ಕಚೇರಿಯಲ್ಲಿ ಕೂತು ಕೆಲಸ ಮಾಡುತ್ತಿದ್ದಾರೆ? ಯಾರ ಆದೇಶದ ಮೇಲೆ? ಅವರು ಅಲ್ಲಿರುವಾಗ ಇಲ್ಲಿನ ಜಾನುವಾರುಗಳನ್ನು ನೋಡುವವರು ಯಾರು? ಹತ್ತನೇ ತರಗತಿಗೆ ಪ್ರಶ್ನೆಪತ್ರಿಕೆ ತೆಗೆಯುವಾಗಲೂ ನಾನು ಇಷ್ಟು ತಲೆ ಕೆಡಿಸಿಕೊಂಡಿರಲಿಲ್ಲ.

ಈ ಸಲವೂ ಚೀಟಿ ಬಂತು. ಅದರ ಜೊತೆಗೆ ಮಂತ್ರಿಗಳ ಕೊಠಡಿಯಿಂದ ಕರೆಯೂ ಬಂತು. ಚಹಾ, ಗೋಡಂಬಿ ಎಲ್ಲ ಆಯಿತು. ಅವರು ಒಳ್ಳೆಯ ಮನುಷ್ಯರೇ. "ಮೇಡಂ, ನಮ್ಮದೇ ಸರ್ಕಾರ. ಪ್ರಶ್ನೆ ವಾಪಸ್ ತಗೊಳ್ಳಿ. ಡಾಕ್ಟರನ್ನು ನಾನೇ ಕಳಿಸಿಕೊಡ್ತೀನಿ" ಎಂದರು.

ಕಪ್ಪನ್ನು ಕೆಳಗಿಟ್ಟೆ. "ಕಳಿಸಿಕೊಡಿ ಸಾರ್, ಬಹಳ ಸಂತೋಷ. ಅದನ್ನೇ ಸದನದಲ್ಲಿ ಹೇಳಿಬಿಡಿ. ಇಲ್ಲಿ ಹೇಳಿದ್ದು ನಮ್ಮಿಬ್ಬರಿಗೆ ಮಾತ್ರ ಗೊತ್ತಿರುತ್ತೆ. ಅಲ್ಲಿ ಹೇಳಿದರೆ ಆ ಊರಿನವರಿಗೂ ಗೊತ್ತಾಗುತ್ತೆ."

ಅವರು "ನೀವು ಸ್ಕೂಲ್ ಮೇಡಮ್ಮು ಅಂತ ಮರೆತಿದ್ದೆ" ಎಂದು ನಕ್ಕುಬಿಟ್ಟರು.

ಪ್ರಶ್ನೆಯ ದಿನ ಅಕ್ಕ ಮತ್ತು ಅವರ ಸೊಸೆ ಬೆಳಗಿನ ಬಸ್ಸಿಗೇ ಬೆಂಗಳೂರಿಗೆ ಬಂದಿಳಿದರು. ಪ್ರೇಕ್ಷಕರ ಗ್ಯಾಲರಿಗೆ ಪಾಸು ಮಾಡಿಸಿಕೊಟ್ಟೆ. ಬಾಗಿಲಲ್ಲಿ ಅಕ್ಕನ ಎಲೆಅಡಿಕೆ ಚೀಲ ಇಸಿದುಕೊಂಡರಂತೆ. ಒಳಗೆ ಕೂತ ಮೇಲೆ ಕಾಲು ಮಡಚಿಕೊಂಡಿದ್ದಕ್ಕೂ ಗದರಿದರಂತೆ. ನಾನು ಕೆಳಗಿನಿಂದ ನೋಡಿದಾಗ ಅವರು ಫೋಟೋ ತೆಗೆಸಿಕೊಳ್ಳುವವರ ಹಾಗೆ ನೆಟ್ಟಗೆ ಕುಳಿತಿದ್ದರು.

ಮಂತ್ರಿಗಳು ಉತ್ತರ ಓದಿದರು. ವೈದ್ಯರನ್ನು ಬೇರೊಂದು ಊರಿನ ಕಚೇರಿಗೆ ನಿಯೋಜನೆಯ ಮೇಲೆ ಕಳಿಸಲಾಗಿದೆ, ವಾರಕ್ಕೊಮ್ಮೆ ಬೇರೆ ವೈದ್ಯರು ಬಂದು ನೋಡುತ್ತಾರೆ ಎಂದಿತ್ತು. ಈ ಸಲ ನಾನು ಕೂರಲಿಲ್ಲ.

"ಸಭಾಪತಿಗಳೇ, ಕುರಿಗೆ ಜ್ವರ ಬರುವುದು ವಾರ ನೋಡಿಕೊಂಡಲ್ಲ. ನಿಯೋಜನೆಯನ್ನು ರದ್ದು ಮಾಡುತ್ತಾರೆಯೇ, ಯಾವಾಗ ಮಾಡುತ್ತಾರೆ?"

ಸದನದಲ್ಲಿ ನಗು ಎದ್ದಿತು. ಎದುರಿನ ಸಾಲಿನಿಂದ ಪಾವಗಡದ ಹಿರಿಯರು ಮೇಜು ಕುಟ್ಟಿದರು. ಮಂತ್ರಿಗಳು ಅಧಿಕಾರಿಗಳ ಕಡೆ ತಿರುಗಿ ಏನೋ ಕೇಳಿ, "ಈ ತಿಂಗಳೊಳಗೆ ರದ್ದು ಮಾಡಿ ವಾಪಸ್ ಕಳಿಸುತ್ತೇವೆ" ಎಂದರು. ಆಗ ನಾನು ಧನ್ಯವಾದ ಹೇಳಿದೆ. ಹೇಳುವುದಕ್ಕೆ ಎಷ್ಟು ಹಿತವಾಗಿತ್ತೆಂದರೆ, ಎರಡು ಸಲ ಹೇಳಿದೆ.

ಮಧ್ಯಾಹ್ನ ಸರ್ಕಾರದ ಒಂದು ಮಸೂದೆ ಮತಕ್ಕೆ ಬಂತು. ಅದರ ಒಂದು ಭಾಗ ನನಗೆ ಒಪ್ಪಿಗೆಯಿರಲಿಲ್ಲ. ಪಕ್ಷದ ಸಭೆಯಲ್ಲಿ ಹೇಳಿಯೂ ಇದ್ದೆ, ನನ್ನ ಮಾತು ನಡೆದಿರಲಿಲ್ಲ. ಉಳಿದದ್ದು ಒಳ್ಳೆಯದಿತ್ತು. ವಿರೋಧ ಪಕ್ಷದವರು ತಲೆ ಎಣಿಸಬೇಕೆಂದು ಪಟ್ಟು ಹಿಡಿದರು. ಮೊದಲು ಪರ ಇರುವವರು, ಆಮೇಲೆ ವಿರೋಧ ಇರುವವರು ಸಾಲು ಸಾಲಾಗಿ ಎದ್ದು ನಿಲ್ಲಬೇಕು, ಸಿಬ್ಬಂದಿ ಎಣಿಸುತ್ತಾರೆ. ನಮ್ಮ ಸಾಲಿನ ಸರದಿ ಬಂದಾಗ ನಾನು ಎದ್ದು ನಿಂತೆ. ಎದುರಿನ ಹಿರಿಯರು ಕುಳಿತೇ ನನ್ನತ್ತ ಕೈ ಆಡಿಸಿದರು, ಅವರ ಸರದಿಯಲ್ಲಿ ನಾನು ಆಡಿಸಿದೆ. ಮಸೂದೆ ಗೆದ್ದಿತು.

ಹೊರಗೆ ಬಂದಾಗ ಅಕ್ಕ ಎಲೆಅಡಿಕೆ ಚೀಲ ವಾಪಸ್ ಪಡೆದು ಸಮಾಧಾನವಾಗಿ ಮೆಲ್ಲುತ್ತಿದ್ದರು.

"ಬೆಳಗ್ಗೆ ಆವಯ್ಯನ್ನ ಅಂಗ್ ತರಾಟೆ ತಗಂಡೆ. ಮದ್ಯಾನ ಅವ್ರ ಜೊತೆನೇ ಎದ್ ನಿಂತ್ಕಂಡೆ. ಇದೆಂಗಮ್ಮ?"

ಎಲ್ಲವನ್ನೂ ವಿವರಿಸಲು ಹೋದೆ. ಪಕ್ಷ, ಶಿಸ್ತು, ಒಪ್ಪಿಗೆ ಇರುವುದು, ಇಲ್ಲದಿರುವುದು. ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ. ಕೊನೆಗೆ, "ಗಂಡನ ಜೊತೆ ಜಗಳ ಆಡ್ತೀವಿ ಅಂತ ಮನೆ ಬಿಟ್ಟು ಹೋಗ್ತೀವಾ ಅಕ್ಕ?" ಅಂದೆ.

"ನಾನ್ ಒಂದ್ ಕಿತ ಓಗಿದ್ದೆ" ಎಂದರು ಅಕ್ಕ. ಸೊಸೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. "ಓಗೋ ಅಂಗಾದ್ರೆ ಓಗ್ಬೇಕು ಕಣಮ್ಮ. ಸುಮ್ಕೆ ಓಗ್ಬಾರ್ದು ಅಷ್ಟೆ."

ಆ ಮಾತು ನನ್ನ ಜೊತೆ ಉಳಿಯಿತು. ಆಮೇಲೆ ಪ್ರತಿ ಸಲ ಎದ್ದು ನಿಲ್ಲುವ ಮೊದಲು ಇದು ಹೋಗುವಂಥದ್ದೋ ಇರುವಂಥದ್ದೋ ಎಂದು ಕೇಳಿಕೊಳ್ಳುತ್ತಿದ್ದೆ. ಒಮ್ಮೆ ಮಾತ್ರ ಎದ್ದು ನಿಲ್ಲದೆ ಕುಳಿತೇ ಇದ್ದೆ. ಪಕ್ಷದಿಂದ ಬೈಗುಳ ಸಿಕ್ಕಿತು, ರಾತ್ರಿ ನಿದ್ದೆ ಚೆನ್ನಾಗಿ ಬಂತು.

ಮಂತ್ರಿಗಳು ಮಾತಿಗೆ ತಪ್ಪಲಿಲ್ಲ, ಡಾಕ್ಟರು ಬಂದರು. ಕೆಲಸ ತಪ್ಪಿಸಿಕೊಂಡು ಬೇರೆ ಊರು ಸೇರಿಕೊಂಡ ಮನುಷ್ಯ ಎಂದೇ ನಾನು ಅಂದುಕೊಂಡಿದ್ದೆ. ಲಸಿಕೆ ಹಾಕುವ ದಿನ ಆ ಹಳ್ಳಿಗೆ ಹೋದಾಗ, ಪ್ಯಾಂಟನ್ನು ಮೊಣಕಾಲಿಗೆ ಮಡಚಿಕೊಂಡ ಯುವಕನೊಬ್ಬ ನಗುತ್ತಾ ಎದುರು ಬಂದ.

"ಸದನದಲ್ಲಿ ನನ್ನನ್ನು ಹುಡುಕಿಸಿದವರು ನೀವೇನಾ ಮೇಡಂ? ಆ ಕಚೇರಿಯಲ್ಲಿ ಫೈಲು ನೋಡಿ ನೋಡಿ, ಕುರಿ ಹೇಗಿರುತ್ತೆ ಅನ್ನೋದೇ ಮರೆತುಹೋಗಿತ್ತು. ವಾಪಸ್ ಕಳಿಸಿ ಅಂತ ಎಷ್ಟು ಕೇಳಿಕೊಂಡರೂ ಬಿಟ್ಟಿರಲಿಲ್ಲ."

ಅವನ ಬಗ್ಗೆ ಸದನದಲ್ಲಿ ಆಡಲು ಇನ್ನೂ ಖಾರದ ಮಾತುಗಳನ್ನು ಸಿದ್ಧ ಮಾಡಿಕೊಂಡಿದ್ದೆ. ಆಡದೇ ಇದ್ದದ್ದು ಎಷ್ಟು ಒಳ್ಳೆಯದಾಯಿತು ಎನಿಸಿತು.

ಕುರಿಗಳು ಸಾಲಾಗಿ ಬರತೊಡಗಿದವು. ಹಿಡಿಯುವವರು ಸಾಲದಾದಾಗ ಅಕ್ಕ ನನ್ನ ಕೈಗೇ ಒಂದು ಟಗರು ಕೊಟ್ಟರು. "ಕೊಂಬು ಇಡ್ಕಬೇಡ ಟೀಚ್ರಮ್ಮ, ಕುತ್ಗೆ ತಬ್ಕ" ಎಂದರು. ತಬ್ಬಿಕೊಂಡೆ. ಸೂಜಿ ತಗುಲಿದ್ದೇ ತಡ ಅದು ನನ್ನನ್ನೂ ಎಳೆದುಕೊಂಡು ಬೇಲಿಯವರೆಗೆ ಹೋಯಿತು. ಸೀರೆಯ ತುಂಬ ಧೂಳು, ಒಂದು ಚಪ್ಪಲಿ ಎಲ್ಲೋ. ಆದರೆ ಕೈ ಬಿಟ್ಟಿರಲಿಲ್ಲ. ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಾನೂ ಬೇಲಿಗೆ ಒರಗಿ ಕೂತು ಉಸಿರು ಸಿಗುವವರೆಗೆ ನಕ್ಕೆ.